ಟಾರ್ಕ್‌ಗೆ ‘ನ್ಯೂಟನ್ ಪರ್ ಮೀಟರ್’ ಎಂದು ಬರೆಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಎಂಜಿನ್ ಟಾರ್ಕ್, ಅಂದರೆ ತಿರುಗಿಸುವ ಬಲದ ಅಳತೆ, ಒಮ್ಮೆ ‘ನ್ಯೂಟನ್ ಪರ್ ಮೀಟರ್’ ಎಂದು, ಇನ್ನೊಮ್ಮೆ ಬರೀ ‘ಕೆಜಿ’ ಎಂದು ಅಚ್ಚಾಗುತ್ತಿದೆ. ಇಲ್ಲಿ ಪುಣೆಯ ಭೋಸರಿ, ಚಾಕಣ್ ಕಡೆಯ ಕಾರ್ಖಾನೆಗಳಲ್ಲಿ ಬೀದರ್, ಕಲಬುರಗಿ, ವಿಜಯಪುರದಿಂದ ಐಟಿಐ ಮುಗಿಸಿ ಬಂದ ಹುಡುಗರು ಶಿಫ್ಟ್ ಪೂರ್ತಿ ಟಾರ್ಕ್ ರೆಂಚ್ (ಗೊತ್ತುಮಾಡಿದ ಟಾರ್ಕ್‌ನಷ್ಟೇ ಬಿಗಿಯುವ ಪಾನಾ) ಹಿಡಿದೇ ಇರುತ್ತಾರೆ. ಅವರ ಕೈಗೆ ಹೋಗುವ ಕನ್ನಡ ಪತ್ರಿಕೆಯಲ್ಲಿ ಈ ಮಾನ ಸರಿಯಾಗಿರಲೇಬೇಕು.

‘ಪರ್’ ಎಂದರೆ ಭಾಗಾಕಾರ. ಟಾರ್ಕ್ ಗುಣಾಕಾರ. ಪಾನಾದ ಮೇಲೆ ಲಂಬವಾಗಿ ಬೀಳುವ ಬಲವನ್ನು ನಟ್ಟಿನ ನಡುವಿನಿಂದ ಕೈ ಇರುವ ಜಾಗದವರೆಗಿನ ದೂರದಿಂದ ಗುಣಿಸಬೇಕು. ಕಾಲು ಮೀಟರ್ ದೂರದಲ್ಲಿ 200 ನ್ಯೂಟನ್, ಅಂದರೆ ಸುಮಾರು 20 ಕೆಜಿ ತೂಕದಷ್ಟು ಬಲ ಹಾಕಿದರೆ 50 ನ್ಯೂಟನ್-ಮೀಟರ್. ಅದೇ ಅಂಕಿಗಳನ್ನು ಭಾಗಿಸಿದರೆ 800 ಬರುತ್ತದೆ. ನ್ಯೂಟನ್ ಪರ್ ಮೀಟರ್ ಎಂಬುದು ಸ್ಪ್ರಿಂಗ್ ಎಷ್ಟು ಬಿಗಿ ಎಂದು ಹೇಳುವ ಮಾನ, ಟಾರ್ಕ್‌ಗೂ ಅದಕ್ಕೂ ಸಂಬಂಧವಿಲ್ಲ.

ನ್ಯೂಟನ್-ಮೀಟರ್ ಮತ್ತು ಜೂಲ್ ಒಂದೇ ಅಲ್ಲವೇ ಎಂದು ಡಿಪ್ಲೊಮಾ ವಿದ್ಯಾರ್ಥಿಗಳು ಕೇಳುವುದುಂಟು. ಆಯಾಮ ಒಂದೇ, ಆದರೆ ಜೂಲ್ ಶಕ್ತಿಗೆ ಮೀಸಲು. 50 ನ್ಯೂಟನ್-ಮೀಟರ್ ಟಾರ್ಕ್ ಹಾಕಿಯೂ ನಟ್ಟು ಕದಲದಿದ್ದರೆ ಆದ ಕೆಲಸ ಸೊನ್ನೆ. ಅದೇ ಟಾರ್ಕ್‌ನಲ್ಲಿ ಪೂರ್ತಿ ಒಂದು ಸುತ್ತು ತಿರುಗಿದರೆ 314 ಜೂಲ್. ಆದ್ದರಿಂದ ಟಾರ್ಕ್ ಅನ್ನು ಜೂಲ್‌ನಲ್ಲಿ ಬರೆಯುವಂತಿಲ್ಲ.

ಕೆಜಿ-ಮೀಟರ್ ಹಳೆಯ ರೂಢಿ. ಕೆಜಿ ದ್ರವ್ಯರಾಶಿಯ ಮಾನ, ಬಲದ್ದಲ್ಲ. ನಮ್ಮ 2009ರ ಲೀಗಲ್ ಮೆಟ್ರಾಲಜಿ ಕಾಯ್ದೆಯೂ ಅಂತಾರಾಷ್ಟ್ರೀಯ ಎಸ್‌ಐ ಮಾನಗಳನ್ನೇ ಆಧರಿಸಿದೆ. ಆದರೂ ಹಳೆಯ ಮ್ಯಾನುಯಲ್‌ಗಳಲ್ಲಿ, ಹಳೆಯ ರೆಂಚ್‌ಗಳ ಮೇಲೆ ಕೆಜಿ-ಮೀಟರ್, ಫುಟ್-ಪೌಂಡ್ ಎರಡೂ ಉಳಿದುಕೊಂಡಿವೆ. ಮೊದಲನೆಯದನ್ನು 9.81ರಿಂದ, ಎರಡನೆಯದನ್ನು 1.356ರಿಂದ ಗುಣಿಸಿದರೆ ನ್ಯೂಟನ್-ಮೀಟರ್ ಸಿಗುತ್ತದೆ.

ಮಾನ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದೇ ಬೋಲ್ಟ್‌ನಲ್ಲಿ ನೋಡಬಹುದು. ಎಂ10 ಬೋಲ್ಟ್ (10 ಮಿಲಿಮೀಟರ್ ವ್ಯಾಸದ್ದು), ತಲೆಯ ಮೇಲೆ ಗಟ್ಟಿತನದ ದರ್ಜೆ ಹೇಳುವ 8.8 ಎಂಬ ಗುರುತು, ಎಣ್ಣೆ ಹಚ್ಚಿಲ್ಲ. ಅದರ ಥ್ರೆಡ್ ಭಾಗದಲ್ಲಿ ಲೆಕ್ಕಕ್ಕೆ ಹಿಡಿಯುವ ಅಡ್ಡಕೊಯ್ತದ ವಿಸ್ತೀರ್ಣ 58 ಚದರ ಮಿಲಿಮೀಟರ್. ಶಾಶ್ವತವಾಗಿ ಹಿಗ್ಗದೆ ತಡೆಯಬಲ್ಲ ಎಳೆತ ಸುಮಾರು 33,600 ನ್ಯೂಟನ್. ಇದರ ಮುಕ್ಕಾಲು ಭಾಗ, ಅಂದರೆ ಸುಮಾರು 25,000 ನ್ಯೂಟನ್ ಎಳೆತ ಬರುವಂತೆ ಬಿಗಿಯುವುದು ವಾಡಿಕೆ. ಥ್ರೆಡ್ ಮತ್ತು ತಲೆಯಡಿಯ ಘರ್ಷಣೆಯನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕುವ ‘ನಟ್ ಫ್ಯಾಕ್ಟರ್’ ಎಂಬ ಗುಣಾಂಕ 0.2 ಎಂದು ಹಿಡಿದು, ಬೋಲ್ಟ್ ವ್ಯಾಸ 0.010 ಮೀಟರ್‌ನಿಂದ, ಎಳೆತದಿಂದ ಗುಣಿಸಿದರೆ ಟಾರ್ಕ್ 50 ನ್ಯೂಟನ್-ಮೀಟರ್.

ಈಗ ರೆಂಚ್‌ನ ಫುಟ್-ಪೌಂಡ್ ಬದಿಯಲ್ಲಿ 50ಕ್ಕೆ ಇಟ್ಟರೆ ಬೋಲ್ಟ್‌ಗೆ ಬೀಳುವುದು 67.8 ನ್ಯೂಟನ್-ಮೀಟರ್. ಎಳೆತ 33,900ಕ್ಕೆ ಏರಿ ಬೋಲ್ಟ್ ಮಿತಿ ದಾಟುತ್ತದೆ. ಸಲೀಸಾಗಿ ತಿರುಗಲಿ ಎಂದು ಯಾರೋ ಥ್ರೆಡ್‌ಗೆ ಎಣ್ಣೆ ಸವರಿದ್ದರೆ ಗುಣಾಂಕ 0.15ರ ಹತ್ತಿರ ಇಳಿಯುತ್ತದೆ, ಎಳೆತ 45,000 ಮುಟ್ಟುತ್ತದೆ. ಆ ಬೋಲ್ಟ್ ತುಂಡಾಗುವ ಎಳೆತವೇ ಸುಮಾರು 46,400. ಅದರ ಮೇಲೆ ತಿರುಚುವ ಒತ್ತಡವೂ ಸೇರುವುದರಿಂದ ಕುತ್ತಿಗೆ ಸಣ್ಣಗಾಗಿ ಕೈಯಲ್ಲೇ ಕಿತ್ತುಬರುತ್ತದೆ. ಅಲ್ಯೂಮಿನಿಯಂ ಹೌಸಿಂಗ್ ಆದರೆ ಅದಕ್ಕೂ ಮೊದಲೇ ಒಳಗಿನ ಥ್ರೆಡ್ ಹೋಗಬಹುದು. ಒಣ ಬೋಲ್ಟ್‌ಗೆ ಹೇಳಿದ ಟಾರ್ಕ್ ಅನ್ನು ಎಣ್ಣೆ ಹಚ್ಚಿದ ಬೋಲ್ಟ್‌ಗೆ ಹಾಕಬಾರದು ಎನ್ನುವುದು ಇದಕ್ಕೇ.

ತಿರುಗುಮುರುಗಾದದ್ದು ಇನ್ನೂ ಅಪಾಯಕಾರಿ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಮ್ಯಾನುಯಲ್‌ನಲ್ಲಿ 36 ಫುಟ್-ಪೌಂಡ್ ಇದ್ದದ್ದನ್ನು 36 ನ್ಯೂಟನ್-ಮೀಟರ್ ಎಂದು ಓದಿದರೆ ಎಳೆತ 18,000 ಮಾತ್ರ. ಬೋಲ್ಟ್ ಬಿಗಿಯಾಗಿಯೇ ಇದ್ದಂತೆ ತೋರುತ್ತದೆ, ಗಾಡಿ ಹೊರಗೆ ಹೋಗುತ್ತದೆ, ಅಲುಗಾಟಕ್ಕೆ ದಿನಗಳೆದಂತೆ ಸಡಿಲವಾಗುತ್ತದೆ.

ರೆಂಚ್ ಬಗ್ಗೆಯೂ ಎರಡು ಮಾತು. ಇಟ್ಟ ಟಾರ್ಕ್ ಮುಟ್ಟಿ ‘ಟಕ್’ ಎಂದ ಮೇಲೆ ಇನ್ನೊಮ್ಮೆ ಎಳೆಯಬಾರದು. ಅದರಿಂದ ನಟ್ಟು ಬಿಚ್ಚಲೂಬಾರದು. ಕೆಲಸ ಮುಗಿದ ಮೇಲೆ ಸ್ಕೇಲಿನ ತೀರಾ ಕೆಳಗಿನ ಗುರುತಿಗೆ ಇಳಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ 12 ತಿಂಗಳಿಗೆ ಅಥವಾ 5,000 ಸಲ ಬಳಸಿದ ಮೇಲೆ, ಯಾವುದು ಮೊದಲೋ ಆಗ, ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ಪರೀಕ್ಷೆ) ಆಗಬೇಕೆಂದು ಟಾರ್ಕ್ ರೆಂಚ್‌ಗಳ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 6789 ಹೇಳುತ್ತದೆ. ಇಕ್ಕಟ್ಟಿನ ಜಾಗಕ್ಕೆಂದು ತುದಿಗೆ ನೇರವಾಗಿ ಉದ್ದನೆಯ ಅಡಾಪ್ಟರ್ ಸೇರಿಸಿದರೆ ಸೆಟ್ಟಿಂಗ್ ಇಳಿಸಬೇಕು: 500 ಮಿಲಿಮೀಟರ್ ರೆಂಚ್‌ಗೆ 50 ಮಿಲಿಮೀಟರ್ ಸೇರಿದರೆ, 100 ನ್ಯೂಟನ್-ಮೀಟರ್ ಬೇಕಾದಲ್ಲಿ 91ಕ್ಕೆ ಇಡಬೇಕು. ಅಡಾಪ್ಟರ್ ಅನ್ನು 90 ಡಿಗ್ರಿ ತಿರುಗಿಸಿ ಹಾಕಿದರೆ ಇಳಿಸುವ ಅಗತ್ಯವಿಲ್ಲ.

ಪತ್ರಿಕೆಗೆ ನಮ್ಮ ಕೋರಿಕೆ ಇಷ್ಟು. ‘ನ್ಯೂಟನ್-ಮೀಟರ್’ ಎಂದು ಪೂರ್ತಿ ಬರೆಯಿರಿ. ಇಂಗ್ಲಿಷ್ ಸಂಕೇತ ಹಾಕುವುದಾದರೆ ಎನ್ ದೊಡ್ಡಕ್ಷರ, ಎಂ ಸಣ್ಣಕ್ಷರ. ಎರಡೂ ಸಣ್ಣದಾದರೆ ಅದು ನ್ಯಾನೊಮೀಟರ್. ಟಾರ್ಕ್ ಜತೆಗೆ ಅದು ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತಿನ ವೇಗದಲ್ಲಿ) ಸಿಗುತ್ತದೆ ಎಂಬುದೂ ಇರಲಿ. ಟಾರ್ಕ್ ಅನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಆ ವೇಗದಲ್ಲಿನ ಕಿಲೋವ್ಯಾಟ್ ಬರುತ್ತದೆ: 6,000 ಆರ್‌ಪಿಎಂನಲ್ಲಿ 14 ನ್ಯೂಟನ್-ಮೀಟರ್ ಅಂದರೆ 8.8 ಕಿಲೋವ್ಯಾಟ್. ಇದು ಕಂಪನಿ ಹೇಳಿದ ಗರಿಷ್ಠ ಪವರ್‌ಗಿಂತ ಹೆಚ್ಚು ಬಂದರೆ ಎಲ್ಲೋ ಅಂಕಿ ಅಥವಾ ಮಾನ ತಪ್ಪಿದೆ ಎಂದೇ ಅರ್ಥ. ಅಚ್ಚಿಗೆ ಹೋಗುವ ಮುಂಚೆ ಡೆಸ್ಕಿನಲ್ಲೇ ಇದನ್ನು ಹಿಡಿಯಬಹುದು.

ಎಲೆಕ್ಟ್ರಿಕ್ ಸ್ಕೂಟರ್‌ಗಳ ವಿಷಯದಲ್ಲಿ ಟಾರ್ಕ್ ಮೋಟಾರ್‌ನದೋ ಚಕ್ರದ್ದೋ ಎಂದೂ ಕೇಳಿ ಬರೆಯಬೇಕು. ಮೋಟಾರ್‌ನಲ್ಲಿ 20 ಇದ್ದದ್ದು 8ಕ್ಕೆ 1ರ ಗೇರ್ ದಾಟಿ ಚಕ್ರಕ್ಕೆ ಬರುವಾಗ, ಘರ್ಷಣೆಯ ನಷ್ಟ ಬಿಟ್ಟರೆ, 160 ಆಗುತ್ತದೆ. ಒಂದು ಸ್ಕೂಟರ್‌ನ ಚಕ್ರದ ಅಂಕಿಯನ್ನು ಇನ್ನೊಂದರ ಮೋಟಾರ್ ಅಂಕಿಯ ಪಕ್ಕದಲ್ಲಿ ಒಂದೇ ಕೋಷ್ಟಕದಲ್ಲಿ ಇಟ್ಟರೆ ಕೊಳ್ಳುವವರು ಮೋಸ ಹೋಗುತ್ತಾರೆ.

ಇಂತಿ,
ಭೋಸರಿಯ ಕೆಲವು ಕನ್ನಡಿಗ ಫಿಟ್ಟರ್‌ಗಳು ಮತ್ತು ಕ್ವಾಲಿಟಿ ತಪಾಸಕರು, ಪುಣೆ