ಈ ಸಲದ ಶನಿವಾರದ ತರಗತಿ ಪೀಸ್ ಹಾಲ್‌ನಲ್ಲಿ

ಪ್ರಿಯ ಪೋಷಕರೇ,

ಬರುವ ತಿಂಗಳ ಎರಡನೇ ಶನಿವಾರ ನಮ್ಮ ಕನ್ನಡ ತರಗತಿ ಎಂದಿನ ಕೋಣೆಯಲ್ಲಿ ನಡೆಯುವುದಿಲ್ಲ. ಮಕ್ಕಳನ್ನು ಇಲ್ಲೇ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಪೀಸ್ ಹಾಲ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ನಿಮ್ಮಲ್ಲಿ ಹಲವರು ಅಲ್ಲಿ ಕಾಫಿ ಕುಡಿದು, ಫೋಟೊ ತೆಗೆದುಕೊಂಡು ಬಂದಿರುತ್ತೀರಿ. ಅದು ಹಿಂದೆ ನೇಕಾರರ ಸಂತೆಯಾಗಿತ್ತು ಅಂತ ಗೊತ್ತಿದ್ದು ಮಕ್ಕಳು ಒಮ್ಮೆ ಅಲ್ಲಿ ನಿಲ್ಲಬೇಕು ಅನ್ನುವುದು ನನ್ನಾಸೆ.

ಅದು ಶುರುವಾದದ್ದು 1779ರ ಜನವರಿ 1ರಂದು. ನಡುವೆ ದೊಡ್ಡ ಅಂಗಳ, ಸುತ್ತ ಕಂಬಸಾಲಿನ ಪಡಸಾಲೆ, 315 ಕೋಣೆ. ನೆಲ ಇಳಿಜಾರು, ಹಾಗಾಗಿ ಒಂದು ಕಡೆ ಎರಡು ಅಂತಸ್ತು, ಇನ್ನೊಂದು ಕಡೆ ಮೂರು. ಇಷ್ಟೆಲ್ಲ ಕಟ್ಟಿದ್ದು ಕೈಮಗ್ಗದ ಉಣ್ಣೆ ಬಟ್ಟೆ ಮಾರಲಿಕ್ಕೆ! ಸುತ್ತಲಿನ ಗುಡ್ಡದ ಮನೆಗಳಲ್ಲಿ ಹೆಂಗಸರು, ಮಕ್ಕಳು ಉಣ್ಣೆ ಹಿಂಜಿ ನೂಲುತ್ತಿದ್ದರು. ಮಗ್ಗವೂ ಮನೆಯಲ್ಲೇ. ನೇಯ್ದ ಬಟ್ಟೆಯ ಒಂದು ತಾನು ಸುಮಾರು 27 ಮೀಟರ್ ಉದ್ದ. ಅದನ್ನೇ 'ಪೀಸ್' ಅನ್ನುತ್ತಿದ್ದರು. ಶನಿವಾರ ಬೆಳಿಗ್ಗೆ 10ಕ್ಕೆ ಗಂಟೆ ಬಾರಿಸಿದರೆ ವ್ಯಾಪಾರ ಶುರು, 12ಕ್ಕೆ ಬಂದ್. ಅಷ್ಟು ದಿನದ ದುಡಿಮೆಗೆ ಬೆಲೆ ಸಿಗಬೇಕಾದದ್ದು ಆ ಎರಡು ಗಂಟೆಯಲ್ಲಿ. ನಮ್ಮ ತರಗತಿಯ ಹೊತ್ತೂ ಅದೇ ಅಲ್ವಾ?

ಗಿರಣಿಗಳು ಬಂದವು, ತಮ್ಮ ಬಟ್ಟೆಯನ್ನು ತಾವೇ ಮಾರತೊಡಗಿದವು. ಸಂತೆ ಸೊರಗಿತು. 1871ರಿಂದ ಸುಮಾರು ನೂರು ವರ್ಷ ಅಲ್ಲಿ ಹಣ್ಣು, ತರಕಾರಿ ಸಗಟು ಮಾರಿದರು. ಕೆಡವುವ ಮಾತೂ ಬಂದಿತ್ತು. ಪಕ್ಕದ ಹಡರ್ಸ್‌ಫೀಲ್ಡ್‌ನಲ್ಲಿ ಇಂಥದೇ ಬಟ್ಟೆ ಸಂತೆಯ ಕಟ್ಟಡವನ್ನು 1930ರಲ್ಲಿ ಕೆಡವಿಯೇ ಬಿಟ್ಟರು. ಇದು ಉಳಿಯಿತು, 2017ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಊಟವಾದ ಮೇಲೆ ಡೀನ್ ಕ್ಲಫ್ ಕಡೆ ನಡೆಯುತ್ತೇವೆ. ಅಲ್ಲಿರುವ ಕ್ರಾಸ್ಲಿ ಮನೆತನದ ಹಳೆಯ ರತ್ನಗಂಬಳಿ ಗಿರಣಿಗಳನ್ನು ಹೊರಗಿನಿಂದ ನೋಡಿದರೆ ಸಾಕು. ಮನೆಯ ಮಗ್ಗ ಯಾಕೆ ಸೋತಿತು ಅಂತ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ತರಗತಿಯಲ್ಲಿ ಈಗ ಮಗ್ಗ, ಲಾಳಿ (ಅಡ್ಡ ನೂಲನ್ನು ಒಯ್ಯುವ ಸಾಧನ), ಕಂಡಿಕೆ (ಲಾಳಿಯೊಳಗಿನ ನೂಲು ಸುತ್ತಿದ ಕೊಳವೆ), ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಅನ್ನುವ ಪದಗಳನ್ನು ಕಲಿಸುತ್ತಿದ್ದೇವೆ. 'ಹಾಸುಹೊಕ್ಕು' ಅಂತ ಮಾತಿನಲ್ಲಿ ಸುಮ್ನೆ ಅನ್ನುತ್ತೇವೆ. ಅದು ಮಗ್ಗದಿಂದ ಬಂದ ಮಾತು ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕಿತ್ತು!

ಒಂದು ಕೋರಿಕೆ. ನಿಮ್ಮ ಊರು ಇಳಕಲ್, ಗುಳೇದಗುಡ್ಡ, ಬನಹಟ್ಟಿ ಕಡೆಯದಾಗಿದ್ದರೆ, ಹೋಗುವ ಮೊದಲು ಒಂದು ಸಲ ಊರಿಗೆ ಫೋನ್ ಮಾಡಿ ಮಕ್ಕಳಿಗೆ ಮಗ್ಗದ ಸದ್ದು ಕೇಳಿಸಿ. ಬೇರೆ ಊರಿನವರು ಮನೆಯಲ್ಲಿರುವ ಒಂದು ಕೈಮಗ್ಗದ ಬಟ್ಟೆಯನ್ನು ಮಕ್ಕಳ ಕೈಯಲ್ಲಿ ಕಳಿಸಿ. ಯಾರ ಸೀರೆ, ಯಾವಾಗ ಕೊಂಡದ್ದು ಅಂತ ಹೇಳಿಕೊಟ್ಟಿರಿ. ಅದನ್ನು ಅವರು ಅಂಗಳದಲ್ಲಿ ನಿಂತು ಕನ್ನಡದಲ್ಲಿ ಹೇಳಲಿದ್ದಾರೆ.

ಅಂಗಳಕ್ಕೆ ಸೂರಿಲ್ಲ, ಮಳೆ ಕೋಟು ಮರೆಯಬೇಡಿ. ಬುತ್ತಿ ಕಟ್ಟಿಕೊಡಿ. ಒಪ್ಪಿಗೆ ಚೀಟಿ ಈ ಶುಕ್ರವಾರದೊಳಗೆ ಬೇಕು.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ