ಹಳದಿ ನೀಲಿಯಾದದ್ದಕ್ಕೆ

ಬೆಳ್ಳಿಯ ತ್ರಿಕೋನ ನ್ಯಾನೊ ತಗಡುಗಳು (ಕಣ್ಣಿಗೆ ಕಾಣದಷ್ಟು ಚಿಕ್ಕ, ಚಪ್ಪಟೆ ಕಣಗಳು) ಈಗ ನಮ್ಮ ಪ್ರಯೋಗಾಲಯದಲ್ಲಿ ಪ್ರತಿ ಸಲವೂ ಸರಿಯಾಗಿ ಬೆಳೆಯುತ್ತಿವೆ. ನೆರವಾದವರಿಗೆ ಬರೀ ಥ್ಯಾಂಕ್ಸ್ ಅಂದರೆ ಸಾಲದು. ಯಾರಿಂದ ಯಾವ ತಪ್ಪು ಸರಿಹೋಯಿತು ಅನ್ನುವುದನ್ನೂ ಬರೆಯುತ್ತೇವೆ.

ಮೊದಲ ಋಣ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ತಂಡದ್ದು. ಗುಂಡಗಿನ ಬೆಳ್ಳಿ ಕಣಗಳು ಸಾಮಾನ್ಯ ಟ್ಯೂಬ್‌ಲೈಟಿನ ಬೆಳಕಿನಲ್ಲೇ ತ್ರಿಕೋನವಾಗುತ್ತವೆ ಎಂದು ಅವರು 2001ರಲ್ಲಿ ತೋರಿಸಿದರು.

ಕಣಗಳನ್ನು ಮಾಡುವುದು ಸುಲಭ. 100 ಮಿ.ಲೀ. ನೀರು, ಅದರಲ್ಲಿ 0.1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್, 0.3 ಮಿಲಿಮೋಲಾರ್ ಟ್ರೈಸೋಡಿಯಂ ಸಿಟ್ರೇಟ್. ಐಸಿನಲ್ಲಿಟ್ಟು ಜೋರಾಗಿ ಕಲಕುತ್ತ, ಆಗಷ್ಟೇ ಕರಗಿಸಿದ 50 ಮಿಲಿಮೋಲಾರ್ ಸೋಡಿಯಂ ಬೋರೋಹೈಡ್ರೈಡ್ (ಕರಗಿದ ಬೆಳ್ಳಿಯನ್ನು ಲೋಹವಾಗಿಸುವ ರಾಸಾಯನಿಕ) 1 ಮಿ.ಲೀ. ಹಾಕಿದರೆ ಗುಂಡು ಕಣಗಳು ಹುಟ್ಟಿ ದ್ರಾವಣ ಹಳದಿಯಾಗುತ್ತದೆ, ಅದು ಹೀರುವ ಬೆಳಕಿನ ಶಿಖರ 400 ನ್ಯಾನೊಮೀಟರ್ ಆಸುಪಾಸಿನಲ್ಲಿ ಕಾಣುತ್ತದೆ. ಹಳೇ ಬೋರೋಹೈಡ್ರೈಡ್ ತೇವ ಹೀರಿ ಸತ್ತಿರುತ್ತದೆ. ಸಣ್ಣ ಸಣ್ಣ ಶೀಶೆಗಳಲ್ಲಿ ಒಣಗಿಸಿಟ್ಟು ಕೊಟ್ಟ ಸ್ಟೋರ್ಸಿನವರಿಗೆ ವಂದನೆ.

ಗಾಜು ತೊಳೆಯುವ ಅಕ್ಕನಿಗೆ ಎಲ್ಲರಿಗಿಂತ ಹೆಚ್ಚು. ಗಾಜು ತೊಳೆಯಲು ಬಳಸುವ ರಾಜದ್ರಾವಕದ (ತೀಕ್ಷ್ಣ ಆಮ್ಲಗಳ ಮಿಶ್ರಣ) ಕ್ಲೋರೈಡ್ ಚೂರು ಉಳಿದರೂ ಬೆಳ್ಳಿ ಕ್ಲೋರೈಡಾಗಿ ದ್ರಾವಣ ಹಾಲಿನಂತೆ ಕದಡುತ್ತದೆ. ಅಷ್ಟು ಕದಡದಿದ್ದರೂ ತ್ರಿಕೋನದ ಮೂಲೆಗಳು ಸವೆಯುತ್ತವೆ. ಅವರು ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿಸಿದ್ದೇ ನಮ್ಮನ್ನು ಉಳಿಸಿತು.

ಹಳದಿ ದ್ರಾವಣವನ್ನು ತ್ರಿಕೋನ ಬೆಳೆಯಲೆಂದು ದೀಪದ ಬೆಳಕಿನಲ್ಲಿಡುವಾಗ, ಗಾಳಿಯ ಬಗ್ಗೆ ನಮ್ಮ ಊಹೆ ತಲೆಕೆಳಗಾಗಿತ್ತು. ನೈಟ್ರೋಜನ್ ತುಂಬಿ ಬಿಗಿಯಾಗಿ ಮುಚ್ಚಿದರೆ ಶುದ್ಧವಾಗಿರುತ್ತದೆ ಎನಿಸುತ್ತದೆ, ಆದರೆ ಬೆಳವಣಿಗೆ ಮಂದವಾಗುತ್ತದೆ. ಆಮ್ಲಜನಕವು ಚಿಕ್ಕ ಕಣಗಳನ್ನು ಕರಗಿಸಿ ಬೆಳ್ಳಿ ಅಯಾನು (ವಿದ್ಯುದಂಶವಿರುವ ಬೆಳ್ಳಿ ಪರಮಾಣು) ಬಿಡಬೇಕು. ಬೆಳಕು ಬಿದ್ದ ಕಣದ ಮೇಲೆ ಸಿಟ್ರೇಟ್ ಅದನ್ನು ಮತ್ತೆ ಲೋಹವಾಗಿಸಬೇಕು. ಮುಚ್ಚಳ ಸಡಿಲಿಸಲು ಹೇಳಿದ ಹಿರಿಯ ವಿದ್ಯಾರ್ಥಿನಿಗೆ ನಮಸ್ಕಾರ.

ದೀಪವನ್ನು ದೂರ ಸರಿಸಿ ಫ್ಯಾನ್ ಕೂರಿಸಿದ ಎಲೆಕ್ಟ್ರಿಷಿಯನ್ ಅಣ್ಣನಿಗೂ ಸಲ್ಲಬೇಕು. ಬಿಸಿಯಾದರೆ ಬೆಳಕಿನ ಕೆಲಸ ಯಾವುದು, ಶಾಖದ ಕೆಲಸ ಯಾವುದು ಎಂದು ಬೇರ್ಪಡಿಸಲಾಗದು.

ಬಣ್ಣ ಹಸಿರಾಗಿ, ನೀಲಿಯಾದರೆ ತ್ರಿಕೋನ ಬಂತೆಂದು ಕುಣಿಯಬೇಡಿ. ಮೈಕ್ರೋಸ್ಕೋಪಿನ ಆಪರೇಟರ್ ಕಲಿಸಿದ್ದು ಅದನ್ನೇ: ಸೆಂಟ್ರಿಫ್ಯೂಜಿನಲ್ಲಿ (ವೇಗವಾಗಿ ತಿರುಗಿಸಿ ಕಣಗಳನ್ನು ತಳಕ್ಕಿಳಿಸುವ ಯಂತ್ರ) ತೊಳೆಯದ ಮಾದರಿಯಲ್ಲಿ ಒಣಗಿದ ಸಿಟ್ರೇಟಿನ ಹೊದಿಕೆಯೇ ಕಾಣುತ್ತದೆ, ಮತ್ತೆ ಅಂಚಿನ ಮೇಲೆ ನಿಂತ ತಗಡನ್ನು ಕಡ್ಡಿ ಎಂದು ಎಣಿಸಿಬಿಡುತ್ತೀರಿ. ತೊಳೆದ ತುಸು ದ್ರಾವಣ ಒಂದು ಶೀಶೆಯಲ್ಲಿ ಅವರಿಗಾಗಿ ಇಟ್ಟಿದ್ದೇವೆ, ಕತ್ತಲಲ್ಲಿ.