ತುಂಗೆಯ ಮಂಟಪ ಮುಳುಗಿದೆ, ನೋಡಲು ಹೋಗೋಣ್ವಾ?

ಪುಟ್ಟಿ,

ಮೊನ್ನೆ ರಾತ್ರಿ ನಾನು ಮಲಗಿದ್ದೇನೆ ಅಂತ ನೀನು ಅಂದುಕೊಂಡಿದ್ದೆ. ನನಗೆ ನಿದ್ದೆ ಬಂದಿರಲಿಲ್ಲ. ನೀನು ಮೆಲ್ಲಗೆ ಎದ್ದು ಹೋಗಿ ಬಾಗಿಲ ಹಿಂದಿನ ಮೊಳೆಯಿಂದ ಅಪ್ಪನ ರೇನ್‌ಕೋಟ್ ತೆಗೆದೆ. ಹಾಕಿಕೊಂಡೆ. ತೋಳು ನಿನ್ನ ಬೆರಳು ದಾಟಿ ಜೋತಾಡುತ್ತಿತ್ತು. ಟೋಪಿಯನ್ನೂ ತಲೆ ಮೇಲೆ ಎಳೆದುಕೊಂಡು ಕತ್ತಲಲ್ಲೇ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಬಿಚ್ಚಿ, ಮೊದಲಿದ್ದ ಹಾಗೇ ಕುಣಿಕೆಯನ್ನು ಮೊಳೆಗೆ ಸಿಕ್ಕಿಸಿ ಬಂದು ಮಲಗಿದೆ.

ನಾನು ಎದ್ದು ಬರಬೇಕಿತ್ತಾ? ಬೆಳಗಿನ ತನಕ ಅದನ್ನೇ ಯೋಚಿಸಿದೆ. ಎದುರು ಕೂತು ಮಾತಾಡಲು ಹೋದರೆ ಇಬ್ಬರೂ "ಏನಿಲ್ಲ" ಅಂತ ಎದ್ದು ಹೋಗುತ್ತೇವೆ. ಐದು ತಿಂಗಳಿಂದ ಅದೇ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ಅಪ್ಪ ಹೋದ ದಿನ ಬಂದವರೆಲ್ಲ ನಿನ್ನ ತಲೆ ಸವರಿ ಒಂದೇ ಮಾತು ಹೇಳಿದರು. "ನೀನು ಅಳಬಾರದು ಮಗಾ. ಅಮ್ಮನಿಗೆ ನೀನೇ ಧೈರ್ಯ ಹೇಳಬೇಕು. ಇನ್ನು ನೀನೇ ದೊಡ್ಡವಳು." ನಾನು ಪಕ್ಕದಲ್ಲೇ ಕೂತಿದ್ದೆ. ಹಾಗೆ ಹೇಳಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಆವತ್ತಿನಿಂದ ನೀನು ನನ್ನೆದುರು ಅತ್ತಿಲ್ಲ. ನಾನೂ ನಿನ್ನೆದುರು ಅತ್ತಿಲ್ಲ. ಮಷಿನ್ ತುಳಿಯುವ ಸದ್ದಿನಲ್ಲಿ ಅತ್ತಿದ್ದೇನೆ. ಒಂದು ಸಲ ಯಾರದೋ ರೇಷ್ಮೆ ಬ್ಲೌಸಿನ ಮೇಲೆ ಹನಿ ಬಿದ್ದು ಕಲೆ ಉಳಿಯಿತು. ನೀನು ಕೇಳಿದ್ದಕ್ಕೆ ನೀರು ಚೆಲ್ಲಿತು ಅಂದೆ. ಅಳುವನ್ನು ಬಚ್ಚಿಡೋದು ನೀನು ಕಲಿತದ್ದು ನನ್ನಿಂದಲೇ.

ನನಗೆ ಧೈರ್ಯ ಹೇಳುವ ಕೆಲಸ ನಿನ್ನದಲ್ಲ. ನಿನಗೆ ಹದಿಮೂರು ವರ್ಷ. ಈ ಮನೆಯಲ್ಲಿ ದೊಡ್ಡವಳು ನಾನು.

ಇನ್ನೊಂದು ತಪ್ಪೂ ಇದೆ. ಕೂಡ್ಲಿಯ ಸಂಗಮದಲ್ಲಿ ಅಸ್ಥಿ ಬಿಡಲು ಹೋದಾಗ ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಹೋದರು. ಅವನಿಗಿನ್ನೂ ಒಂಬತ್ತು. ನಿನಗೆ ಮಾತ್ರ "ಹೆಣ್ಣುಮಕ್ಕಳು ಬೇಡ" ಅಂದರು. ನೀನು ಆಗಲೇ ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಕಾರು ತಿರುವು ದಾಟುವ ತನಕ ನೋಡಿ, ಒಳಗೆ ಬಂದು, ಚಪ್ಪಲಿಗಳನ್ನು ಗೋಡೆಗೆ ಒತ್ತಿ ಜೋಡಿಸಿಟ್ಟೆ. ನೀನು ಯಾವತ್ತೂ ಚಪ್ಪಲಿ ಜೋಡಿಸಿಟ್ಟವಳಲ್ಲ. ಆವತ್ತು ನಾನು ಜಗಳ ಆಡಬೇಕಿತ್ತು. ಆಡಲಿಲ್ಲ. ಕ್ಷಮಿಸು ಮಗಳೇ.

ಹೈಸ್ಕೂಲು ಶುರುವಾದ ಮೇಲೆ ನಿಮ್ಮ ಕ್ಲಾಸ್ ಟೀಚರ್ ನನ್ನನ್ನು ಕರೆಸಿದ್ದರು. ನಿನಗೆ ಹೇಳಿರಲಿಲ್ಲ. 'ನನ್ನ ಪರಿಚಯ' ಅಂತ ನೀವೆಲ್ಲ ಬರೆದ ಹಾಳೆಗಳಲ್ಲಿ ನಿನ್ನದನ್ನು ತೋರಿಸಿದರು. "ನಮ್ಮ ಅಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದಾರೆ. ಕಣ್ಣು ಮುಚ್ಚಿ, ಮುಟ್ಟಿಯೇ ಇದು ರಾಶಿ, ಇದು ಬೆಟ್ಟೆ, ಇದು ಸರಕು ಅಂತ ಅಡಿಕೆಯ ಜಾತಿ ಹೇಳುತ್ತಾರೆ." ಕೆಳಗೆ ನಿನ್ನ ಸಹಿ. ತಿದ್ದಿಸಲಾ ಅಂತ ಅವರು ಮೆಲ್ಲಗೆ ಕೇಳಿದರು. ಬೇಡ ಅಂದೆ. ಅದನ್ನು ಸುಳ್ಳು ಅಂತ ಯಾರೂ ಅನ್ನಕೂಡದು. ಹೊಸ ಕ್ಲಾಸಿನಲ್ಲಿ, ಜೊತೆಯವರಿಗೆ ಗೊತ್ತಿಲ್ಲದ ಕಡೆ, ಅಪ್ಪನನ್ನು ಇನ್ನೂ ನಾಲ್ಕು ದಿನ ಜೊತೆಗೆ ಇಟ್ಟುಕೊಂಡಿದ್ದೀಯ. 'ಇದ್ದಾರೆ' ಅನ್ನೋದು 'ಇದ್ದರು' ಆಗಲು ನನ್ನ ಬಾಯಲ್ಲೂ ಇನ್ನೂ ಆಗಿಲ್ಲ. ಮೊನ್ನೆ ಕರೆಂಟ್ ಬಿಲ್ ಕೊಡಲು ಬಂದವರಿಗೆ "ನಮ್ಮನೆಯವರು ಬಂದು ಕಟ್ತಾರೆ" ಅಂದುಬಿಟ್ಟೆ.

ಕಳೆದ ವಾರ ಫೋನಿನಲ್ಲಿ ಏನೋ ನೋಡಿ ನೀನು ಜೋರಾಗಿ ನಕ್ಕೆ. ಎಷ್ಟು ದಿನ ಆಗಿತ್ತು ಆ ನಗು ಕೇಳಿ! ಅಷ್ಟರಲ್ಲಿ ಅಜ್ಜಿ, "ಅಪ್ಪ ಹೋಗಿ ವರ್ಷ ಆಗಿಲ್ಲ, ನಗೋದು ನೋಡು" ಅಂದರು. ನಿನ್ನ ಮುಖ ಬಾಡಿಹೋಯಿತು. ಅಜ್ಜಿ ಹೆತ್ತ ಮಗನನ್ನು ಕಳೆದುಕೊಂಡಿದ್ದಾರೆ. ಸಂಜೆ ಏಳರ ಹೊತ್ತಿಗೆ ಯಾರ ಸ್ಕೂಟರ್ ಸದ್ದು ಕೇಳಿದರೂ ಈಗಲೂ ಬಾಗಿಲ ಕಡೆ ತಿರುಗುತ್ತಾರೆ. ಅದು ನಿನಗೂ ಗೊತ್ತು. ಆದರೂ ಆ ಮಾತು ತಪ್ಪು, ಅವರಿಗೆ ಹಾಗಂತ ಹೇಳಿದ್ದೇನೆ. ಅವರು ಉತ್ತರ ಕೊಡಲಿಲ್ಲ. ರಾತ್ರಿ ನಿನ್ನ ತಟ್ಟೆಗೆ ಒಂದು ಹಪ್ಪಳ ಜಾಸ್ತಿ ಹಾಕಿದರು, ನೋಡಿದೆಯಾ?

ಅಪ್ಪ ನಿನಗೆ ಮಳೆಗಳ ಹೆಸರು ಹೇಳಿಕೊಟ್ಟಿದ್ದರಲ್ಲ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ. ಒಂದೊಂದೂ ಹತ್ತಿರ ಹತ್ತಿರ 14 ದಿನ. ಆರಿದ್ರಾ ಎಷ್ಟೇ ಹೊಯ್ದರೂ ನಡುವೆ ಒಂದು ಗಳಿಗೆ ಮಳೆ ನಿಂತು ಹೊಳವಾಗುತ್ತದೆ ಅಲ್ವಾ? ಆಗ ಬಟ್ಟೆ ಹೊರಗೆ ಹಾಕುತ್ತೇವೆ, ಅಂಗಡಿಗೆ ಓಡಿ ಬರುತ್ತೇವೆ. ಮಳೆಗಾಲ ಮುಗಿಯಿತು ಅಂತ ಯಾರೂ ಅಂದುಕೊಳ್ಳುವುದಿಲ್ಲ. ನಿನ್ನ ನಗುವೂ ಹಾಗೆ ಬಂದ ಹೊಳವು. ಅದು ಅಪ್ಪನನ್ನು ಮರೆತದ್ದಲ್ಲ.

ಬೆಳಗ್ಗೆ ಶಾಲೆಗೆ ಹೊರಡುವಾಗ ಬರುವ ಹೊಟ್ಟೆನೋವಿನ ವಿಷಯ. ಡಾಕ್ಟರು ನೋಡಿ ಏನೂ ತೊಂದರೆ ಇಲ್ಲ ಅಂದರು. ಹಾಗಂತ ನೀನು ನಾಟಕ ಮಾಡುತ್ತಿದ್ದೀಯ ಅಂತ ನಾನು ಒಂದು ದಿನವೂ ಅಂದುಕೊಂಡಿಲ್ಲ. ದುಃಖ ಹೊಟ್ಟೆಗೂ ಇಳಿಯುತ್ತದೆ, ನಿದ್ದೆಗೂ ಇಳಿಯುತ್ತದೆ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಗಣಿತದಲ್ಲಿ 25ಕ್ಕೆ 9 ಬಂದದ್ದಕ್ಕೆ ನಾನು ಬೈಯಲಿಲ್ಲ, ಇನ್ನು ಮುಂದೆಯೂ ಬೈಯುವುದಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಬಚ್ಚಲಮನೆ ಬಾಗಿಲು ಹಾಕಿಕೊಂಡು ನಾನು 14416ಕ್ಕೆ ಫೋನ್ ಮಾಡಿದ್ದೆ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿಗೆ ಕಷ್ಟವಾದಾಗ ಮಾತಾಡುವ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ನನ್ನನ್ನು ಸುಮ್ನೆ ಅಳಲು ಬಿಟ್ಟಳು. ಆಮೇಲೆ ಊಟ ಮಾಡಿದ್ರಾ ಅಂತ ಕೇಳಿದಳು. ಆ ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ನನಗೆ ಹೇಳಲಾಗದ್ದು ಏನಾದರೂ ಇದ್ದರೆ ಅಲ್ಲಿ ಹೇಳು. ನನ್ನನ್ನು ಕೇಳಬೇಕಾಗಿಲ್ಲ.

ಈಗ ನಿನ್ನ ಗೆಳತಿಯ ವಿಷಯ. ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವರು ನೀವು. ಈಗ ಸೆಕ್ಷನ್ ಬೇರೆ. ಟ್ಯೂಷನ್ನಿಗೆ ಹೋಗುವ ನಾಲ್ಕು ಹುಡುಗಿಯರ ಜೊತೆ ಅವಳು ಓಡಾಡುತ್ತಾಳೆ. "ಅವಳು ಅಪ್ಪ ಅಂತ ಹೇಳೋಕೆ ಹೋಗಿ ನನ್ನನ್ನು ನೋಡಿ ಅರ್ಧಕ್ಕೆ ನಿಲ್ಲಿಸ್ತಾಳಮ್ಮ" ಅಂತ ನೀನು ಒಂದೇ ಒಂದು ಸಲ ಹೇಳಿದೆ. ಅದು ನಿನಗೆ ಎಷ್ಟು ಚುಚ್ಚಿದೆ ಅಂತ ನನಗೆ ಅರ್ಥವಾಯಿತು.

ನಾನು ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ಪಿಯುಸಿಯಲ್ಲಿ ನನ್ನ ಜೊತೆ ಬಸ್ಸಿಗೆ ಬರುತ್ತಿದ್ದ ಹುಡುಗಿಯ ತಾಯಿ ತೀರಿಕೊಂಡರು. ಹದಿನೈದು ದಿನ ಆದ ಮೇಲೆ ಅವಳು ಮತ್ತೆ ಬಸ್‌ಸ್ಟಾಪಿಗೆ ಬಂದು ನಿಂತಿದ್ದಳು. ದೂರದಿಂದ ನೋಡಿದೆ. ಏನು ಮಾತಾಡಬೇಕೋ ತಿಳಿಯಲಿಲ್ಲ. ಪಕ್ಕದ ಜೆರಾಕ್ಸ್ ಅಂಗಡಿಯೊಳಗೆ ಹೋಗಿ ನಿಂತುಬಿಟ್ಟೆ, ಬಸ್ಸು ಹೋಗಲಿ ಅಂತ. ಬಸ್ಸು ಹೊರಟಾಗ ಅವಳು ಕಿಟಕಿಯಿಂದ ನನ್ನನ್ನು ನೋಡಿದಳು. ಅವಳ ಮೇಲಿನ ಪ್ರೀತಿ ನನಗೆ ಒಂಚೂರೂ ಕಡಿಮೆಯಾಗಿರಲಿಲ್ಲ. ಹೆದರಿದ್ದೆ, ಅಷ್ಟೇ. ಅವಳ ಅಮ್ಮ ಹೋದ ಹಾಗೆ ನನ್ನ ಅಮ್ಮನೂ ಹೋಗಬಹುದು ಅನ್ನೋದು ಆವತ್ತು ಮೊದಲ ಸಲ ತಲೆಗೆ ಬಂದಿತ್ತು. ಆಮೇಲೆ ನಾವು ಮೊದಲಿನ ಹಾಗೆ ಮಾತಾಡಲೇ ಇಲ್ಲ.

ನಿನ್ನ ಗೆಳತಿಗೂ ಅದೇ ಹೆದರಿಕೆ ಇರಬಹುದು. ಇಲ್ಲದೆಯೂ ಇರಬಹುದು, ಸುಮ್ನೆ ಅವಳಿಗೆ ಬೇರೆ ಜೊತೆ ಇಷ್ಟವಾಗಿರಬಹುದು. ನನಗೆ ಗೊತ್ತಿಲ್ಲ. ಅಪ್ಪ ಹೋದ ಮೂರನೇ ದಿನ ಅವಳು ಅವರಮ್ಮನ ಜೊತೆ ಬಂದು, ಮಾತಾಡದೆ, ನಿನ್ನ ಬಟ್ಟೆಗಳನ್ನೆಲ್ಲ ಮಡಚಿಟ್ಟು ಹೋದಳು. ಅದನ್ನಷ್ಟೇ ನಾನು ಕಣ್ಣಾರೆ ನೋಡಿದ್ದು. ನೀನೇ ಹೋಗಿ ಮಾತಾಡಿಸಬೇಕು ಅಂತ ನಾನು ಹೇಳಲ್ಲ. ಮನಸ್ಸಾದರೆ ಒಂದು ಸಲ, "ನಿನ್ನ ಅಪ್ಪನ ಸುದ್ದಿ ನನ್ನೆದುರು ಹೇಳಬಹುದು ಕಣೇ" ಅಂದುಬಿಡು. ಆಮೇಲೂ ಅವಳು ದೂರವೇ ಇದ್ದರೆ ನಿನಗೆ ಬೇಜಾರಾಗುತ್ತೆ. ಮನೆಗೆ ಬಂದು ನನ್ನ ಹತ್ತಿರ ಬೈದುಕೋ. ಚಿತ್ರಾನ್ನ ಹಂಚಿಕೊಳ್ಳುವ ಹೊಸ ಹುಡುಗಿಗೆ ಅಪ್ಪನ ವಿಷಯ ಯಾವಾಗ ಹೇಳಬೇಕು ಅನ್ನೋದೂ ನಿನಗೇ ಬಿಟ್ಟದ್ದು.

ಮಂಗಳವಾರ ತುಂಗಾ ಹೊಳೆಯ ಮಂಟಪ ಮುಳುಗಿತು. ಮೊಬೈಲಿನಲ್ಲಿ ಫೋಟೋ ಬಂದಾಗ ನೀನು "ನನಗೆ ಬೇಡ" ಅಂತ ತಿರುಗಿ ಮಲಗಿದೆ. ಪ್ರತಿ ವರ್ಷ ಅಪ್ಪ ಮಂಡಿಯಿಂದಲೇ ಫೋನ್ ಮಾಡುತ್ತಿದ್ದರು. "ಶೃಂಗೇರಿ ಕಡೆ ಸಿಕ್ಕಾಪಟ್ಟೆ ಮಳೆ, ಗಾಜನೂರು ಡ್ಯಾಮ್ 588.24 ಮೀಟರ್ ತುಂಬಿದೆ, ಗೇಟು ಎತ್ತಿದ್ದಾರೆ, ರೆಡಿಯಾಗಿರು." ಹೊಳೆದಂಡೆಯ ಕೋರ್ಪಲಯ್ಯನ ಛತ್ರದ ಹತ್ತಿರ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು. ಹೋದ ವರ್ಷ ಹೆಗಲ ಮೇಲೆ ಕೂರಲು ನಿನಗೆ ನಾಚಿಕೆಯಾಗಿ, ಪಕ್ಕದಲ್ಲಿ ನಿಂತೇ ನೋಡಿದೆ.

ನೀರು ಇನ್ನೂ ಇಳಿದಿಲ್ಲವಂತೆ. ಭಾನುವಾರ ಹೋಗೋಣ್ವಾ? ನಾನು ಸ್ಕೂಟರ್ ಕಲಿಯುತ್ತಿದ್ದೇನೆ, ಕಲಿಯುವವರ ಲೈಸೆನ್ಸ್ ಬಂದಿದೆ. ಡಿಎಲ್ ಆಗುವ ತನಕ ನಿನ್ನನ್ನು ಹಿಂದೆ ಕೂರಿಸಿಕೊಳ್ಳುವ ಹಾಗಿಲ್ಲ. ಆಟೋದಲ್ಲಿ ಹೋಗೋಣ. ಅಜ್ಜಿಯೂ ಬರುತ್ತಾರಂತೆ. ಮಳೆ ಕಡಿಮೆಯಾದ ಮೇಲೆ ಕೂಡ್ಲಿಗೂ ಹೋಗೋಣ, ನಾವು ಮೂವರೇ. ತುಂಗೆ ಭದ್ರೆಯನ್ನು ಸೇರುವ ಜಾಗವನ್ನು ನೀನು ನೋಡಬೇಕು. ಬೇಡ ಅನ್ನಿಸಿದರೆ ಈ ವರ್ಷ ಬೇಡ.

ರೇನ್‌ಕೋಟ್ ತೋಳಿನ ಅಳತೆ ನೋಡಿದೆ. ನಿನಗೆ ನಾಲ್ಕು ಇಂಚು ಉದ್ದ. ಕತ್ತರಿಸಲು ನನಗೆ ಮನಸ್ಸಿಲ್ಲ. ಮಡಚಿ ಹೊಲಿಯೋಣ ಅಂದರೆ ಸೂಜಿ ಚುಚ್ಚಿದ ಕಡೆಯೆಲ್ಲ ನೀರು ಒಳಗೆ ಬರುತ್ತದೆ. ಸದ್ಯಕ್ಕೆ ಎರಡು ಸುತ್ತು ಮಡಚಿ ಹಾಕಿಕೋ. ಎಡಗಡೆ ಜೇಬಿನಲ್ಲಿ ಅಪ್ಪ ಇಟ್ಟುಕೊಂಡಿದ್ದ ಒಂದೇ ಒಂದು ಅಡಿಕೆ ಇದೆ, ರಾಶಿ ಜಾತಿಯದು. ಅದನ್ನು ಅಲ್ಲೇ ಬಿಟ್ಟಿದ್ದೇನೆ.

ನಿನ್ನ,
ಅಮ್ಮ